ಮೇಜು ಕುಟ್ಟಿದ್ದು ಕೊಬ್ಬಿಗಲ್ಲ

(ಮನೆಯವರ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ಶ್ರೀಧರ ಚಿಕ್ಕಪ್ಪ: [ವಿಡಿಯೊ, ಹಲವು ಬಾರಿ ಫಾರ್ವರ್ಡ್ ಆಗಿದೆ] ಚೀನೀಯರ ಸಂಸ್ಕಾರ ನೋಡಿ! ವಯಸ್ಸಾದವರು ಟೀ ಬಗ್ಗಿಸಿಕೊಡುತ್ತಿದ್ದರೆ ಬಾಯಲ್ಲಿ ಒಂದು ಮಾತಿಲ್ಲ, ಬೆರಳಲ್ಲಿ ಮೇಜು ಕುಟ್ಟಿ ಅವಸರ ಮಾಡುತ್ತಾರೆ. ಆಮೇಲೆ ಅದೇ ಟೀಯಲ್ಲಿ ಬಟ್ಟಲು ತೊಳೆದು ಚೆಲ್ಲುತ್ತಾರೆ. ಮಕ್ಕಳಿಗೆ ತೋರಿಸಿ.

ಉಮಾ ಅತ್ತೆ: ಅಯ್ಯೋ, ಟೀ ಚೆಲ್ಲೋದಾ!

ವಸುಧಾ: ಚಿಕ್ಕಪ್ಪ, ಅವ್ರು ಅವಸರ ಮಾಡ್ತಿಲ್ಲ. ಆ ಕುಟ್ಟೋದೇ ಧನ್ಯವಾದ. ತೋರುಬೆರಳು, ನಡುಬೆರಳು ಜೋಡಿಸಿ ಮೇಜಿನ ಮೇಲೆ ಮೆತ್ತಗೆ ತಟ್ಟೋದು ದಕ್ಷಿಣ ಚೀನಾದ ಗುವಾಂಗ್‌ಝೌ ಕಡೆ ದಿನನಿತ್ಯದ ಮರ್ಯಾದೆ. ನಾನು ಈ ಊರಲ್ಲೇ ಕೆಲ್ಸ ಮಾಡ್ತಿರೋಳು. ತಟ್ಟದೆ ಸುಮ್ನೆ ಕೂತ್ರೇನೇ ಅವ್ರಿಗೆ ವಿಚಿತ್ರ ಅನ್ಸೋದು.

ಶ್ರೀಧರ ಚಿಕ್ಕಪ್ಪ: ಬಾಯಿ ಬಿಟ್ಟು ಹೇಳೋಕೆ ಏನು ಕಷ್ಟ?

ವಸುಧಾ: ಹತ್ತು ಜನ ಗುಂಡು ಮೇಜಿನ ಸುತ್ತ ಕೂತು ಎರಡು ಗಂಟೆ ಹರಟೆ ಹೊಡೀತಾರೆ. ಪಕ್ಕದೋರು ಆಗಾಗ ಕಪ್ ತುಂಬಿಸ್ತಾನೇ ಇರ್ತಾರೆ. ಪ್ರತಿ ಸಲ ಮಾತು ನಿಲ್ಲಿಸಿ ಥ್ಯಾಂಕ್ಸ್ ಹೇಳೋಕಾಗುತ್ತಾ? ನಮ್ಮಲ್ಲಿ ಬಡಿಸೋರು ಬಂದಾಗ ಸಾಕು ಅಂತ ಎಲೆ ಮೇಲೆ ಕೈ ಅಡ್ಡ ಹಿಡಿಯಲ್ವಾ, ಅದನ್ನ ಯಾರಾದ್ರೂ ಕೊಬ್ಬು ಅಂತಾರಾ?

ಪ್ರಸಾದ: ಅಕ್ಕ ಹೇಳ್ತಿರೋದು ನಿಜ ಚಿಕ್ಕಪ್ಪ, ಇದಕ್ಕೊಂದು ಇತಿಹಾಸಾನೇ ಇದೆ. ಚಿಯೆನ್‌ಲಾಂಗ್ ಚಕ್ರವರ್ತಿ ವೇಷ ಮರೆಸ್ಕೊಂಡು ದಕ್ಷಿಣದ ಕಡೆ ಹೋದಾಗ ಒಂದು ಟೀ ಅಂಗಡೀಲಿ ತನ್ನ ಸೇವಕರಿಗೆ ತಾನೇ ಟೀ ಬಗ್ಗಿಸಿದ್ನಂತೆ. ಅವ್ರು ಸಾಷ್ಟಾಂಗ ಬಿದ್ರೆ ಗುಟ್ಟು ಬಯಲಾಗುತ್ತೆ. ಅದಕ್ಕೆ ಬೆರಳು ಮಡಿಸಿ ಮೇಜಿನ ಮೇಲೇ ನಮಸ್ಕಾರ ಮಾಡಿದ್ರಂತೆ.

ವಸುಧಾ: ಪ್ರಸಾದ, ಅದು ದಂತಕಥೆ ಕಣೋ. ಅವನು ಆಳಿದ್ದು 1735ರಿಂದ 1796ರವರೆಗೆ, ದಕ್ಷಿಣದ ಪ್ರವಾಸ ಮಾಡಿದ್ದೂ ನಿಜ. ಈ ಟೀ ಅಂಗಡಿ ಪ್ರಸಂಗವನ್ನ ಇತಿಹಾಸ ಅಂತ ದಾಟಿಸಬೇಡ.

ಶ್ರೀಧರ ಚಿಕ್ಕಪ್ಪ: ನೋಡು, ನಿನಗೇ ಮೂಲ ಗೊತ್ತಿಲ್ಲ.

ವಸುಧಾ: ಮೂಲ ಕಥೆಯಾಗಿರಬಹುದು ಚಿಕ್ಕಪ್ಪ, ಆಚರಣೆ ಕಥೆಯಲ್ಲ. ಬೆಳಿಗ್ಗೆ ಇಲ್ಲಿನ ಯಾವ ಟೀ ಮನೆಗೆ ಹೋದ್ರೂ ಕಣ್ಣಿಗೆ ಬೀಳುತ್ತೆ. ಹಿರಿಯರಿಗೆ ಮೊದಲು ಬಗ್ಗಿಸ್ಬೇಕು, ತನ್ನ ಕಪ್ಪಿಗೆ ಕೊನೇಲಿ. ಕೆಟಲಿನ ಮೂತಿ ಯಾರ ಕಡೆಗೂ ತಿರುಗಿಸಿಡಬಾರದು. ಬಿಸಿನೀರು ಬೇಕಿದ್ರೆ ಮುಚ್ಚಳ ಓರೆ ಮಾಡಿಟ್ರೆ ಸಾಕು, ಬಂದು ತುಂಬಿಸ್ತಾರೆ. ಇಷ್ಟು ನಯ ಇರೋ ಮೇಜನ್ನ ತೋರಿಸಿ ‘ಸಂಸ್ಕಾರ ನೋಡಿ’ ಅಂತ ಬರೆದಿದ್ದು ನಂಗೆ ನೋವಾಯ್ತು.

ರವಿ ಭಾವ: ಇಡೀ ಚೀನಾದಲ್ಲಿ ಹೀಗೇನಾ?

ವಸುಧಾ: ಇಲ್ಲ ಭಾವ. ಬೇರು ಇರೋದು ನಾನಿರೋ ಗುವಾಂಗ್‌ಡಾಂಗ್ ಪ್ರಾಂತ್ಯ, ಹಾಂಗ್‌ಕಾಂಗ್ ಕಡೆ. ವಿಡಿಯೊದ ಕೊನೇಲಿ ಉದ್ದ ಮೂತಿಯ ಕೆಟಲಿಂದ ದೂರ ನಿಂತು ನೀರು ಬಿಡ್ತಾನಲ್ಲ, ಅದು ನೈಋತ್ಯದ ಸಿಚುವಾನ್ ಪ್ರಾಂತ್ಯದ್ದು. ಅಲ್ಲಿನ ಚೆಂಗ್ಡುವಿನಲ್ಲಿ ಬಿದಿರಿನ ಕುರ್ಚಿ ಹಾಕ್ಕೊಂಡು ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಇರೋ ಗೈವಾನ್‌ನಲ್ಲಿ ಕುಡೀತಾರೆ. ನೂರಾರು ಮೈಲಿ ಆಚೀಚೆ ಇರೋ ಪದ್ಧತಿಗಳನ್ನ ಒಂದೇ ವಿಡಿಯೊಗೆ ಹೊಲಿದು ‘ಚೀನೀಯರು’ ಅಂದುಬಿಟ್ರೆ ಹೇಗೆ?

ಶ್ರೀಧರ ಚಿಕ್ಕಪ್ಪ: ಸರಿ, ಕುಟ್ಟೋದು ಒಪ್ಪಿದೆ. ಬಟ್ಟಲು ತೊಳೆಯೋದು? ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ಎರಡು ಸೆಕೆಂಡ್ ಬಿಸಿ ಟೀ ಸೋಕಿಸಿದ್ರೆ ರೋಗಾಣುಗಳು ಪೂರ್ತಿ ಸಾಯಲ್ಲ.

ವಸುಧಾ: ಆ ಮಾತು ನಿಜ, ವಾದ ಮಾಡಲ್ಲ. ಪ್ಲಾಸ್ಟಿಕ್ ಸುತ್ತಿ ಕೊಟ್ಟ ಬಟ್ಟಲುಗಳನ್ನೂ ಬಿಚ್ಚಿ ತೊಳೀತಾರೆ. ಈಗ ಅದು ಊಟಕ್ಕೆ ಕೂತ ಲಕ್ಷಣ, ಅಷ್ಟೆ. ಚಿಕ್ಕೋರು ಹಿರಿಯರ ಬಟ್ಟಲನ್ನೂ ತಾವೇ ತೊಳೆದುಕೊಡ್ತಾರೆ. ವಿಡಿಯೊದಲ್ಲಿ ಆ ಹುಡುಗಿ ಅಜ್ಜನ ಬಟ್ಟಲು ತೊಳೆದು ಮುಂದಿಟ್ಟಿದ್ದು ನೋಡಿದ್ರಾ?

ಉಮಾ ಅತ್ತೆ: ನೋಡ್ದೆ. ಆದ್ರೆ ಕಪ್ಪು ಪೂರ್ತಿ ತುಂಬಲೇ ಇಲ್ಲ ನೋಡು. ಅದ್ಯಾಕೆ ಅಷ್ಟು ಕೈ ಹಿಡಿತ?

ವಸುಧಾ: ಅತ್ತೆ, ಆ ಕಪ್ಪಿಗೆ ಹಿಡಿ ಇಲ್ಲ. ಅಂಚಿನವರೆಗೂ ತುಂಬಿದ್ರೆ ಬೆರಳು ಸುಡುತ್ತೆ. ಹತ್ತರಲ್ಲಿ ಏಳು ಪಾಲು ತುಂಬಿಸೋದು ಅಲ್ಲಿನ ಲೆಕ್ಕ. ಮದ್ಯವಾದ್ರೆ ತುಂಬ ಹಾಕೋದು ಗೌರವ, ಟೀ ತುಂಬ ಹಾಕಿದ್ರೆ ಅತಿಥಿಗೆ ಅವಮಾನ.

ಚಾವೊಝೌ ಅಂತ ಇದೇ ಪ್ರಾಂತ್ಯದ ಪೂರ್ವಕ್ಕಿರೋ ಊರು. ಅಲ್ಲಿಗೆ ನನ್ನ ಸಹೋದ್ಯೋಗಿ ಕರ್ಕೊಂಡು ಹೋಗಿದ್ಳು. ಅಲ್ಲಿ ಪುಟ್ಟ ಕುಡಿಕೆ ತುಂಬ ಎಲೆ ತುರುಕ್ತಾರೆ, ಫೀನಿಕ್ಸ್ ಬೆಟ್ಟದ ಊಲಾಂಗ್ ಅನ್ನೋ ಟೀ. ಎಷ್ಟೇ ಜನ ಇರ್ಲಿ, ಕಪ್ ಸಾಮಾನ್ಯವಾಗಿ ಮೂರೇ. ಒಂದೊಂದೇ ಕಪ್ ತುಂಬಿಸಲ್ಲ. ಮೂರರ ಮೇಲೂ ಕುಡಿಕೆಯನ್ನ ಸುತ್ತಿಸ್ತಾ ಸುರಿದು, ಕೊನೆಯ ಗಟ್ಟಿ ಹನಿಗಳನ್ನೂ ಮೂರಕ್ಕೂ ಹಂಚ್ತಾರೆ. ಒಬ್ರಿಗೆ ನೀರು, ಇನ್ನೊಬ್ರಿಗೆ ಕಷಾಯ ಆಗ್ಬಾರ್ದಲ್ಲ. ಸುತ್ತಿಸೋದಕ್ಕೆ ‘ಗುವಾನ್ ಯು ಕೋಟೆಯ ಗಸ್ತು’, ಹನಿ ಹಂಚೋದಕ್ಕೆ ‘ಹಾನ್ ಷಿನ್ ಸೈನಿಕರನ್ನ ಎಣಿಸೋದು’ ಅಂತ ಹೆಸರು. ಇಬ್ಬರೂ ಹಳೇ ಕಾಲದ ಸೇನಾಪತಿಗಳು. ನಾಲ್ಕನೆಯವರು ಕಾಯ್ಬೇಕು. ಹಾಗಾಗಿ ನೀವು ತಗೊಳ್ಳಿ, ನೀವು ತಗೊಳ್ಳಿ ಅನ್ನೋದು ನಡೀತಾನೇ ಇರುತ್ತೆ. ಟೀ ಮಾಡಿದವಳು ಕೊನೆಗೆ ಕುಡಿದ್ಳು.

ಪ್ರಸಾದ: ಇದಕ್ಕೆ ಯುನೆಸ್ಕೊ ಮಾನ್ಯತೆ ಇದ್ಯಂತಲ್ಲ?

ವಸುಧಾ: ಹೌದು, 2022ರಲ್ಲಿ ಚೀನಾದ ಟೀ ಸಂಸ್ಕರಣೆ ಮತ್ತು ಅದಕ್ಕೆ ಸಂಬಂಧಪಟ್ಟ ಆಚರಣೆಗಳು ಅವರ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ್ವು.

ರವಿ ಭಾವ: ಅಕ್ಟೋಬರ್‌ನಲ್ಲಿ ನಿಮ್ಮ ಗುವಾಂಗ್‌ಝೌನ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಬರ್ತಿದ್ದೀನಿ. ನಂಗೆ ಮುಖ್ಯ ಪ್ರಶ್ನೆ, ಸಸ್ಯಾಹಾರಿ ಏನು ತಿನ್ಬೇಕು?

ವಸುಧಾ: ಬನ್ನಿ ಭಾವ. ಬೆಳಿಗ್ಗೆ ಸಾದಾ ಅಕ್ಕಿ ಗಂಜಿ ಸಿಗುತ್ತೆ. ಒಳಗೇನೂ ಹಾಕದ ಅಕ್ಕಿಹಿಟ್ಟಿನ ಹಬೆ ಸುರುಳಿ ಸಿಗುತ್ತೆ, ಮೇಲೆ ಸೋಯಾ ಸಾಸ್. ಮೂಲಂಗಿ ಕೇಕ್ ಅಂತ ಮೋಸಹೋಗ್ಬೇಡಿ, ಅದ್ರಲ್ಲಿ ಒಣ ಸೀಗಡಿ, ಸಾಸೇಜ್ ಇರುತ್ತೆ. ಸೊಪ್ಪು ಹೇಳಿದ್ರೆ ಚಿಪ್ಪುಜೀವಿಯ ಆಯ್ಸ್ಟರ್ ಸಾಸ್ ಸುರೀತಾರೆ, ಬೆಳ್ಳುಳ್ಳಿ ಒಗ್ಗರಣೆ ಸಾಕು ಅನ್ನಿ. ಬೌದ್ಧ ಸಸ್ಯಾಹಾರಿ ಹೋಟೆಲುಗಳೂ ಇವೆ, ಅಲ್ಲಿಗೆ ನಾನೇ ಕರ್ಕೊಂಡು ಹೋಗ್ತೀನಿ. ಒಂದು ಮಾತ್ರ ನೆನಪಿಟ್ಕೊಳ್ಳಿ, ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ. ಸತ್ತವರ ಮುಂದೆ ಹಚ್ಚೋ ಊದುಬತ್ತಿ ಥರ ಕಾಣುತ್ತೆ ಅಂತ ಎಲ್ರೂ ಬೇಜಾರಾಗ್ತಾರೆ.

ಉಮಾ ಅತ್ತೆ: ಅಲ್ಲಿ ಗೋಬಿ ಮಂಚೂರಿ ಸಿಗಲ್ವಾ?

ವಸುಧಾ: ಅದು ನಮ್ಮ ದೇಶದ್ದು ಅತ್ತೆ, ಇಲ್ಲಿ ಯಾರಿಗೂ ಗೊತ್ತಿಲ್ಲ.

ಶ್ರೀಧರ ಚಿಕ್ಕಪ್ಪ: ಆ ವಿಡಿಯೊನ ಇನ್ನೆರಡು ಗುಂಪಿಗೆ ಕಳಿಸಿದ್ದೆ ವಸು. ಅಲ್ಲೂ ನಿನ್ನ ಉತ್ತರ ಹಾಕ್ತೀನಿ. ಬಟ್ಟಲು ತೊಳೆಯೋ ವಿಷಯದಲ್ಲಿ ಮಾತ್ರ ನನ್ನ ಮಾತು ನಿಲ್ಲುತ್ತೆ.

ವಸುಧಾ: ನಿಲ್ಲಲಿ ಚಿಕ್ಕಪ್ಪ. ಹಾಕುವಾಗ ಕೊನೆಯ ತುಣುಕು ಸಿಚುವಾನಿನದು ಅಂತ ಸೇರಿಸಿ, ಚಕ್ರವರ್ತಿ ಕಥೆ ಬಿಟ್ಬಿಡಿ.