ಹಳೆಯ ಜ್ಯೂಕ್‌ಬಾಕ್ಸ್ ಮನೆಯಲ್ಲೇ ಸರಿಮಾಡುವುದು: ಕೇಳಿ, ಹೇಳುತ್ತೇನೆ

ಪ್ರಶ್ನೆ: ಸರ್ ನಮಸ್ಕಾರ. ಸೀಬರ್ಗ್ ಕಂಪನಿಯ ಎಂ100ಸಿ ಜ್ಯೂಕ್‌ಬಾಕ್ಸ್ (ಹಣ ಹಾಕಿ ಬಟನ್ ಒತ್ತಿದರೆ ಬೇಕಾದ ರೆಕಾರ್ಡ್ ನುಡಿಸುವ ಪೆಟ್ಟಿಗೆ) ಒಂದು ಕೈಗೆ ಬಂದಿದೆ. 1952ರಲ್ಲಿ ಬಂದ ಮಾದರಿ ಅಂತಾರೆ. ಎಷ್ಟೋ ವರ್ಷದಿಂದ ಮೂಲೆಯಲ್ಲಿ ಬಿದ್ದಿತ್ತು. ನನಗೆ ರೇಡಿಯೋ ರಿಪೇರಿ ಸ್ವಲ್ಪ ಗೊತ್ತು, ಬೆಸುಗೆ ಹಾಕೋಕೆ ಬರುತ್ತೆ, ಆದರೆ ಇಷ್ಟು ದೊಡ್ಡದನ್ನು ಬಿಚ್ಚಿದ್ದಿಲ್ಲ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಇದೆ. ಒಂದು ಸಲ ಪ್ಲಗ್ ಹಾಕಿ, ಏನು ಓಡುತ್ತೆ ಏನು ಓಡಲ್ಲ ನೋಡಿಕೊಂಡು ಶುರು ಮಾಡಲಾ?

ಉತ್ತರ: ದಯವಿಟ್ಟು ಬೇಡ. ನನ್ನ ಹತ್ತಿರ ಸುಟ್ಟ ಟ್ರಾನ್ಸ್‌ಫಾರ್ಮರ್ ಸಮೇತ ಬರುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಹೀಗೇ "ಒಂದ್ಸಲ ನೋಡೋಣ" ಅಂತ ಪ್ಲಗ್ ಹಾಕಿದವು. ಮೂಲೆಯಲ್ಲಿ ಬಿದ್ದಿದ್ದಷ್ಟು ದಿನ ಟ್ರಾನ್ಸ್‌ಫಾರ್ಮರ್‌ಗೆ ಏನೂ ಆಗಿರಲ್ಲ. ಕರೆಂಟ್ ಕೊಟ್ಟ ಮೊದಲ ಎರಡು ನಿಮಿಷದಲ್ಲಿ ಹಾಳಾಗುತ್ತದೆ.

ಯಾಕೆ ಅಂತ ಹೇಳಿಬಿಡುತ್ತೇನೆ. ಆ ಕಾಲದ ವಾಲ್ವ್ (ಗಾಜಿನ ಕೊಳವೆ) ಆಂಪ್ಲಿಫೈಯರ್‌ನಲ್ಲಿ ಎರಡು ತರಹದ ಕೆಪ್ಯಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಕೆಡುತ್ತವೆ. ಒಂದು, ಫಿಲ್ಟರ್‌ಗೆ, ಅಂದರೆ ಕರೆಂಟಿನ ಏರಿಳಿತ ಸಮ ಮಾಡೋಕೆ ಹಾಕಿರುವ ದೊಡ್ಡ ಎಲೆಕ್ಟ್ರೋಲೈಟಿಕ್. ಒಳಗಿನ ರಸ ಒಣಗಿ, ಕರೆಂಟ್ ಬಿದ್ದ ಕೂಡಲೇ ಶಾರ್ಟ್ ಆಗಬಹುದು. ಆಗ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಹೋಗುತ್ತದೆ, ಅದರ ಹಿಂದೆಯೇ ಪವರ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಎರಡನೆಯದು, ಮೇಣದಲ್ಲಿ ಅದ್ದಿದ ಕಾಗದದ ಸಣ್ಣ ಕೆಪ್ಯಾಸಿಟರ್. ಇದು ಮೋಸದ್ದು, ನೋಡೋಕೆ ಚೆನ್ನಾಗೇ ಇರುತ್ತೆ. ಡಿಸಿಯನ್ನು ತಡೆಯಬೇಕಾದದ್ದು ಸ್ವಲ್ಪ ಸ್ವಲ್ಪ ಬಿಡುತ್ತಾ ಇರುತ್ತದೆ, ಅದು ಸ್ಪೀಕರ್ ಓಡಿಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಕರೆಂಟ್ ಎಷ್ಟು ಹರಿಯಬೇಕು ಅಂತ ಹಿಡಿತದಲ್ಲಿಡುವ ಭಾಗ) ಹೋಗಿ ಕೂರುತ್ತದೆ, ವಾಲ್ವ್ ಅಳತೆ ಮೀರಿ ಕರೆಂಟ್ ಎಳೆದು ಅದರ ಪ್ಲೇಟ್ ಕೆಂಪಗೆ ಕಾಯುತ್ತದೆ, ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕೆಪ್ಯಾಸಿಟರ್ ಈಗಲೂ ಸಿಗುತ್ತದೆ. ಅದೇ ಮಾದರಿಯ ಟ್ರಾನ್ಸ್‌ಫಾರ್ಮರ್ ಹುಡುಕಿ ತರೋದು ಇದೆಯಲ್ಲ, ಅದು ಬೇರೆಯೇ ಕಷ್ಟ.

ಹಾಗಾಗಿ ಮೊದಲು ಆಂಪ್ಲಿಫೈಯರ್ ಹೊರಗೆ ತೆಗೆಯಿರಿ. ತೆಗೆಯುವ ಮುಂಚೆ ಪ್ರತಿ ಕನೆಕ್ಟರ್‌ನ ಫೋಟೋ ತೆಗೆದು, ವೈರ್‌ಗೆ ಚೀಟಿ ಕಟ್ಟಿ. ಆಮೇಲೆ ಎಲ್ಲಾ ಎಲೆಕ್ಟ್ರೋಲೈಟಿಕ್, ಎಲ್ಲಾ ಕಾಗದದ ಕೆಪ್ಯಾಸಿಟರ್ ಬದಲಿಸಿ. ಒಂದು ತೆಗೆದು ಒಂದು ಹಾಕಿ, ಎಲ್ಲವನ್ನೂ ಒಟ್ಟಿಗೆ ಕಿತ್ತು ಹಾಕಬೇಡಿ. ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರಲಿ. ಮೈಕ್ರೋಫ್ಯಾರಡ್ ಮಾತ್ರ ಹತ್ತಿರ ಹತ್ತಿರ ಇರಬೇಕು, ಅದರಲ್ಲೂ ರೆಕ್ಟಿಫೈಯರ್ ವಾಲ್ವ್ ಆದ ಮೇಲೆ ಬರುವ ಮೊದಲನೆಯದನ್ನು ದೊಡ್ಡದು ಹಾಕಿದರೆ ಆ ವಾಲ್ವ್‌ಗೇ ಪೆಟ್ಟು. ಮೈಕಾ ಕೆಪ್ಯಾಸಿಟರ್ ಸಾಮಾನ್ಯವಾಗಿ ಕೆಡಲ್ಲ, ಬಿಡಿ. ಕಾರ್ಬನ್ ರೆಸಿಸ್ಟರ್‌ಗಳ ಒಂದು ಕಾಲು ಬಿಡಿಸಿ ಅಳೆಯಿರಿ, 20 ಶೇಕಡಾಕ್ಕಿಂತ ಜಾಸ್ತಿ ಏರಿದ್ದನ್ನು ಬದಲಿಸಿ. ವಾಲ್ವ್‌ಗಳನ್ನು ಸುಮ್ನೆ ಎಸೆಯಬೇಡಿ, ಬಹಳಷ್ಟು ಚೆನ್ನಾಗೇ ಇರುತ್ತವೆ. ಸೆಲೆನಿಯಂ ರೆಕ್ಟಿಫೈಯರ್, ಅಂದರೆ ಲೋಹದ ರೆಕ್ಕೆ ರೆಕ್ಕೆ ಜೋಡಿಸಿದಂತೆ ಕಾಣುವುದು, ಇದ್ದರೆ ಅದನ್ನೂ ಸಿಲಿಕಾನ್ ಡಯೋಡ್‌ಗೆ ಬದಲಿಸಿ. ಡಯೋಡ್‌ನಲ್ಲಿ ವೋಲ್ಟೇಜ್ ಕಮ್ಮಿ ಬೀಳುವುದರಿಂದ ಮುಂದೆ ಜಾಸ್ತಿ ಬರುತ್ತದೆ, ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಿ ಮೊದಲಿನಷ್ಟಕ್ಕೇ ತನ್ನಿ. ಸೆಲೆನಿಯಂ ಸುಟ್ಟರೆ ಬರುವ ಹೊಗೆ ವಿಷ, ಕೊಳೆತ ವಾಸನೆ ಬಂದರೆ ತಕ್ಷಣ ಆಫ್ ಮಾಡಿ ಕಿಟಕಿ ತೆರೆಯಿರಿ.

ಅದೇ ಸದಸ್ಯರು: ಅರ್ಥ ಆಯ್ತು ಸರ್. ಎಲ್ಲಾ ಬದಲಿಸಿದ ಮೇಲೆ ನೇರವಾಗಿ ಕರೆಂಟ್ ಕೊಡಬಹುದಾ? ಶಾಕ್ ಬಗ್ಗೆ ಭಯ ಇದೆ.

ಉತ್ತರ: ಭಯ ಇರಲಿ, ಇರಬೇಕು. ಈ ಆಂಪ್ಲಿಫೈಯರ್‌ಗಳಲ್ಲಿ 300, 400 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ಒಂದು 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಎರಡೂ ಕಡೆ ಕ್ಲಿಪ್ ವೈರ್ ಹಾಕಿ ಇಟ್ಟುಕೊಳ್ಳಿ. ಮೊದಲು ಒಂದು ತುದಿ ಚಾಸಿಗೆ (ಆಂಪ್ಲಿಫೈಯರ್‌ನ ಲೋಹದ ತಟ್ಟೆ), ಆಮೇಲೆ ಇನ್ನೊಂದು ಕೆಪ್ಯಾಸಿಟರ್‌ಗೆ. ಸ್ವಲ್ಪ ಹೊತ್ತು ಹಿಡಿದು, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸೋದು ಬೇಡ. ಕರೆಂಟ್ ಇರುವಾಗ ಅಳೆಯಬೇಕಾದರೆ ಒಂದೇ ಕೈ ಬಳಸಿ, ಇನ್ನೊಂದು ಕೈ ಜೇಬಲ್ಲಿರಲಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಈ ಕೆಲಸ ಮಾಡಿ.

ಮೊದಲ ಸಲ ಕರೆಂಟ್ ಕೊಡೋಕೆ ಸೀರೀಸ್ ಬಲ್ಬ್ ಕಟ್ಟಿ, ಅಂದರೆ ಕರೆಂಟ್ ಬಲ್ಬ್ ದಾಟಿಯೇ ಆಂಪ್ಲಿಫೈಯರ್‌ಗೆ ಹೋಗುವ ಹಾಗೆ. 60 ಅಥವಾ 100 ವ್ಯಾಟ್‌ನ ಹಳೇ ತಂತಿ ಬಲ್ಬ್, ಎಲ್‌ಇಡಿ ನಡೆಯಲ್ಲ. ಸ್ಟೆಪ್‌ಡೌನ್ ಆದ ಮೇಲೆ ಕಟ್ಟುವುದಾದರೆ ಬಲ್ಬ್ ಕೂಡ ಆ ವೋಲ್ಟೇಜಿನದೇ ಇರಬೇಕು. ಆಂಪ್ಲಿಫೈಯರ್ ಒಂದನ್ನೇ ಅದರ ಮೂಲಕ ಹಚ್ಚಿ. ಬಲ್ಬ್ ಒಂದು ಸಲ ಬೆಳಗಿ, ಆಮೇಲೆ ಮಂಕಾದರೆ ಸರಿ. ಬೆಳಗಿದ್ದು ಬೆಳಗಿದಂತೇ ಉಳಿದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ ಹುಡುಕಿ. ಸ್ಪೀಕರ್ ಕಟ್ಟದೆ ವಾಲ್ವ್ ಆಂಪ್ಲಿಫೈಯರ್ ಯಾವತ್ತೂ ಓಡಿಸಬೇಡಿ. ಮುಖ್ಯ ವೈರ್ ಎರಡೇ ಎಳೆಯದಿದ್ದರೆ ಮೂರು ಎಳೆಯದು ಹಾಕಿ, ಚಾಸಿಗೆ ಮತ್ತು ಒಳಗಿನ ಲೋಹಕ್ಕೆ ಅರ್ಥಿಂಗ್ ಕೊಡಿ. ಬಟ್ಟೆ ಸುತ್ತಿದ, ರಬ್ಬರ್ ಹೊದಿಕೆಯ ವೈರ್ ಬಗ್ಗಿಸಿದರೆ ಪುಡಿಯಾಗಿ ಉದುರಿದರೆ ಅದನ್ನೂ ಬದಲಿಸಲೇಬೇಕು, ಮೇಲೆ ಟೇಪ್ ಸುತ್ತಿ ಬಿಡಬೇಡಿ.

ಇನ್ನೊಬ್ಬ ಸದಸ್ಯೆ: ನಮ್ಮ ಮನೆಯಲ್ಲೂ ಒಂದಿದೆ ಸರ್, ಬೇರೆ ಕಂಪನಿಯದು, ಅಮೆರಿಕದಲ್ಲಿ ತಯಾರಾದದ್ದು. ಸ್ಟೆಪ್‌ಡೌನ್ ಹಾಕಿಯೇ ಓಡಿಸ್ತಿದ್ದೀವಿ. ಹಾಡು ಬರುತ್ತೆ, ಆದರೆ ಎಲ್ಲಾ ಹಾಡೂ ನಿಧಾನ. ಹೆಂಗಸರ ಧ್ವನಿ ಗಂಡಸರ ಥರ ಕೇಳಿಸುತ್ತೆ. ಬೆಲ್ಟ್ ಹೋಗಿದ್ಯಾ?

ಉತ್ತರ: ಬೆಲ್ಟ್ ಅಲ್ಲ ಮೇಡಂ, ಫ್ರೀಕ್ವೆನ್ಸಿ, ಅಂದರೆ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತನ ಮುಗಿಸುತ್ತದೆ ಅನ್ನುವುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಮಾತ್ರ ಇಳಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ನಿಮ್ಮ ಮೋಟರ್ 60 ಹರ್ಟ್ಸ್‌ಗೆ ಮಾಡಿದ್ದು, ನೀವು ಕೊಡುತ್ತಿರುವುದು 50 ಹರ್ಟ್ಸ್. ಮೋಟರ್ ಆರರಲ್ಲಿ ಐದು ಪಾಲಿನಷ್ಟೇ ತಿರುಗುತ್ತದೆ. ನಿಮಿಷಕ್ಕೆ 45 ಸುತ್ತು ಹೊಡೆಯಬೇಕಾದ ರೆಕಾರ್ಡ್ 37.5 ಸುತ್ತು ಹೊಡೆಯುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ, ಅದಕ್ಕೇ ಹೆಂಗಸರ ಧ್ವನಿ ಹಾಗೆ ಕೇಳಿಸುವುದು.

ಇದಕ್ಕೆ ಮಾದರಿಗೆ ತಕ್ಕಂತೆ 50 ಹರ್ಟ್ಸ್‌ನ ಪುಲ್ಲಿ, ಇಲ್ಲವೇ ಮೋಟರ್ ಶಾಫ್ಟ್ ಮೇಲೆ ಕೂರುವ ಸಣ್ಣ ಬುಶ್ (ಲೋಹದ ಕೊಳವೆ) ಬೇಕು. ಶಾಫ್ಟ್ ರಬ್ಬರ್ ಚಕ್ರವನ್ನು ನೇರವಾಗಿ ಓಡಿಸುವ ಯಂತ್ರದಲ್ಲಿ ಬುಶ್‌ನ ವ್ಯಾಸ ಮೂಲ ಶಾಫ್ಟ್‌ನ 1.2 ಪಟ್ಟು ಇರಬೇಕು. ಒಳ್ಳೆ ಲೇತ್ ಕೆಲಸದವರು ಮಾಡಿಕೊಡುತ್ತಾರೆ, ಆದರೆ ಸ್ವಲ್ಪ ಓರೆಯಾದರೂ ಹಾಡು ಅಲುಗಾಡುತ್ತದೆ, ಹಾಗಾಗಿ ಅಳತೆಯಲ್ಲಿ ರಾಜಿ ಬೇಡ. ಇನ್ನೊಂದು ಮಾತು. 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್, ಮೋಟರ್ ಎರಡೂ 50ರಲ್ಲಿ ಜಾಸ್ತಿ ಕಾಯುತ್ತವೆ. 117 ವೋಲ್ಟ್ ಅಂತ ಬರೆದಿದ್ದರೆ 110ರ ಹತ್ತಿರವೇ ಕೊಡಿ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ಎಷ್ಟು ಬಿಸಿಯಾಗಿದೆ ಅಂತ ನೋಡಿ.

ಮೊದಲ ಸದಸ್ಯರು: ಸರ್, ಆಂಪ್ಲಿಫೈಯರ್ ಹಾಡ್ತಾ ಇದೆ! ಬಲ್ಬ್ ಮಂಕಾಯ್ತು, ಸದ್ದೂ ಚೆನ್ನಾಗಿದೆ. ಈಗ ಯಂತ್ರ. ಬಟನ್ ಒತ್ತಿದರೆ ರೆಕಾರ್ಡ್ ಎತ್ತಿ ನುಡಿಸುವ ಗಾಡಿ ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇರುತ್ತೆ, ರೆಕಾರ್ಡ್ ಹತ್ರ ನಿಲ್ಲೋದೇ ಇಲ್ಲ. ಎಣ್ಣೆ ಸ್ಪ್ರೇ ಹೊಡೆದೆ, ಒಂದು ದಿನ ಸರಿ ಇತ್ತು, ಆಮೇಲೆ ಮತ್ತೆ ಅದೇ.

ಉತ್ತರ: ತುಂಬಾ ಸಂತೋಷ! ಆದರೆ ಆ ಸ್ಪ್ರೇ ಡಬ್ಬ ದೂರ ಇಡಿ. ಅದು ಹಳೇ ಗ್ರೀಸನ್ನು ಸ್ವಲ್ಪ ಕರಗಿಸಿ ಎಲ್ಲಾ ಕಡೆ ಹರಡುತ್ತದೆ, ಅದಕ್ಕೇ ಒಂದು ದಿನ ಸರಿ ಇತ್ತು. ಒಣಗಿದ ಮೇಲೆ ಮೊದಲಿಗಿಂತ ಕೆಟ್ಟದಾಗಿ ಹಿಡಿಯುತ್ತದೆ. ಕ್ಲಚ್ ಮೇಲೆ, ರಬ್ಬರ್ ಮೇಲೆ ಬಿದ್ದಿದ್ದರೆ ಅವನ್ನು ಈಗಲೇ ಒರೆಸಿ.

ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ನಿಧಾನವಾಗಿ ನೋಡಿ, ನಿಜವಾಗಿಯೂ ನೋಡಬೇಕಾದದ್ದು. 50 ರೆಕಾರ್ಡ್ ಸಾಲಾಗಿ ನಿಂತಿರುತ್ತವೆ, ಎರಡೂ ಮುಖ ಸೇರಿ 100 ಹಾಡು. ಮಲಗಿಸದೆ, ನಿಂತ ಹಾಗೇ ರೆಕಾರ್ಡನ್ನು ಹಿಡಿದು ನುಡಿಸುತ್ತದೆ. ಪ್ರತಿ ಹಾಡಿಗೂ ಒಂದೊಂದು ಸಣ್ಣ ಪಿನ್. ಬಟನ್ ಒತ್ತಿದಾಗ ಕಾಯಿಲ್ (ಕರೆಂಟ್ ಹೋದಾಗ ಅಯಸ್ಕಾಂತವಾಗುವ ತಂತಿ ಸುರುಳಿ) ಆ ಪಿನ್ನನ್ನು ತಳ್ಳುತ್ತದೆ. ಗಾಡಿ ಹಳಿಯ ಮೇಲೆ ಓಡುತ್ತಾ ಆ ಪಿನ್ ಹತ್ತಿರ ಬಂದಾಗ ಸಂಪರ್ಕ ಆಗಿ, ಟ್ರಿಪ್ ಕಾಯಿಲ್‌ಗೆ ಕರೆಂಟ್ ಹೋಗಿ, ಗಾಡಿ ನಿಂತು, ತೋಳು ರೆಕಾರ್ಡನ್ನು ಎತ್ತುತ್ತದೆ. ನಿಲ್ಲುತ್ತಿಲ್ಲ ಅಂದರೆ ಪಿನ್ ಪೂರ್ತಿ ಬರುತ್ತಿಲ್ಲ, ಅಥವಾ ಪಾಯಿಂಟ್‌ನಲ್ಲಿ (ಲೋಹದ ತುದಿಗಳು ತಾಗುವಲ್ಲಿ) ಸಂಪರ್ಕ ಆಗುತ್ತಿಲ್ಲ, ಅಥವಾ ಟ್ರಿಪ್ ಆಗುವ ಲಿವರ್ ಗ್ರೀಸ್‌ನಲ್ಲಿ ಹೂತು ಸಮಯಕ್ಕೆ ಅಲ್ಲಾಡುತ್ತಿಲ್ಲ. ಕೆಲವು ಹಾಡಿಗೆ ಮಾತ್ರ ನಿಲ್ಲದಿದ್ದರೆ ಪಿನ್ ನೋಡಿ. ಯಾವುದಕ್ಕೂ ನಿಲ್ಲದಿದ್ದರೆ ಪಾಯಿಂಟ್, ಟ್ರಿಪ್ ಕಾಯಿಲ್ ನೋಡಿ. ಒಂದೇ ಹಾಡು ಮತ್ತೆ ಮತ್ತೆ ಬರುತ್ತಿದ್ದರೆ ಪಿನ್ ವಾಪಸ್ ಹೋಗದೆ ಸಿಕ್ಕಿಕೊಂಡಿದೆ.

ಪ್ಲಗ್ ಕಿತ್ತು, ಮೋಟರನ್ನು ಕೈಯಲ್ಲೇ ನಿಧಾನ ತಿರುಗಿಸುತ್ತಾ ಒಂದು ಪೂರ್ತಿ ಸುತ್ತು ನೋಡಿ. ಎಲ್ಲಿ ಬಿಗಿ ಅನ್ನಿಸುತ್ತದೋ ಅಲ್ಲಿ ಬಿಚ್ಚಿ. ಹಳೇ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ, ಉಗುರಲ್ಲಿ ಕೆರೆದರೆ ಪದರ ಪದರವಾಗಿ ಏಳುತ್ತದೆ. ಲಿವರ್‌ಗಳನ್ನು ಬಿಚ್ಚಿ ಮಿನರಲ್ ಟರ್ಪೆಂಟೈನ್‌ನಲ್ಲಿ ತೊಳೆದು, ಒರೆಸಿ, ತಿರುಗುವ ಕಡೆಗೆ ಮಾತ್ರ ತೆಳು ಎಣ್ಣೆ ಒಂದು ಹನಿ. ಗೇರ್‌ಗೆ ಹೊಸ ಗ್ರೀಸ್, ಸ್ವಲ್ಪವೇ. ಕಾಯಿಲ್ ಒಳಗೆ ಹೋಗಿ ಬರುವ ಕಬ್ಬಿಣದ ಕಡ್ಡಿಗೆ ಎಣ್ಣೆ ಹಾಕಲೇಬೇಡಿ, ಒಣಗಿದಂತೇ ಇರಬೇಕು. ಪಾಯಿಂಟ್‌ಗಳನ್ನು ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗುತ್ತದೆ. ದಪ್ಪ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಪಾಯಿಂಟ್ ಮಧ್ಯೆ ಇಟ್ಟು ಎಳೆಯಿರಿ. ಕಪ್ಪು ಬರೋದು ನಿಲ್ಲುವ ತನಕ.

ಸ್ಕ್ರೂ ತಿರುಗಿಸಿ "ಅಡ್ಜಸ್ಟ್" ಮಾಡುವುದು ಎಲ್ಲಕ್ಕಿಂತ ಕೊನೆಗೆ. ಕೊಳೆಯಿಂದ ನಿಂತ ಯಂತ್ರಕ್ಕೆ ಅಡ್ಜಸ್ಟ್‌ಮೆಂಟ್ ಬದಲಿಸಿದರೆ, ತೊಳೆದ ಮೇಲೆ ಎರಡು ತೊಂದರೆ ಇರುತ್ತವೆ. ಸರ್ವಿಸ್ ಕೈಪಿಡಿಯ ಪ್ರತಿ ಸಿಗುತ್ತದೆ, ಅದು ಇಲ್ಲದೆ ಆ ಸ್ಕ್ರೂ ಮುಟ್ಟಬೇಡಿ.

ಮತ್ತೊಬ್ಬ ಸದಸ್ಯರು: ಇಷ್ಟೆಲ್ಲ ಕಷ್ಟ ಯಾಕೆ ಸರ್? ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಆಂಪ್ಲಿಫೈಯರ್, ಎಲ್‌ಇಡಿ ಪಟ್ಟಿ ಹಾಕಿದರೆ ಒಂದು ದಿನದ ಕೆಲಸ.

ಉತ್ತರ: ನೀವು ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ನಾನು ಒಪ್ಪುವುದಿಲ್ಲ. ಆ ಗಾಡಿ, ಪಿನ್, ತೋಳು ಇದೆಯಲ್ಲ, ಅದೇ ಜ್ಯೂಕ್‌ಬಾಕ್ಸ್. ಅದು ಹೋದರೆ ಉಳಿಯುವುದು ಬೆಳಕಿರುವ ಬೀರು. ಕಿತ್ತ ಭಾಗ ಮತ್ತೆ ಸೇರಿಸೋರು ಯಾರೂ ಇಲ್ಲ, ಎಲ್ಲೋ ಕಳೆದುಹೋಗುತ್ತವೆ. ಫೋನಿನ ಹಾಡೂ ಬೇಕು ಅಂದರೆ ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಒಂದು ಜ್ಯಾಕ್ ಕೊಡಬಹುದು. ಒಂದೂ ವೈರ್ ಕತ್ತರಿಸದೆ ಮಾಡಿ, ಬೇಡ ಅನ್ನಿಸಿದಾಗ ತೆಗೆಯೋ ಹಾಗಿರಲಿ. ಹಣ ಹಾಕುವ ಭಾಗವನ್ನೂ ಬಿಸಾಡಬೇಡಿ, ಹಣವಿಲ್ಲದೆ ಓಡುವ ಹಾಗೆ ಮಾಡೋಕೆ ದಾರಿ ಇದೆ.

ಬೆಳಕಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಹಳೇ ಟ್ಯೂಬ್‌ಲೈಟ್ ಚೋಕ್ ಒಡೆದು ಎಣ್ಣೆ ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅಮೆರಿಕದಲ್ಲಿ 1979ರಲ್ಲಿ ನಿಷೇಧವಾಗುವ ತನಕ ಅಂಥ ಚೋಕ್‌ಗಳಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಅನ್ನುವ ವಿಷದ ಎಣ್ಣೆ ಬಳಸುತ್ತಿದ್ದರು. ಕೈಗವಸು ಹಾಕಿ ತೆಗೆದು ಹೊಸದು ಹಾಕಿ. ಇನ್ನೊಂದು ಕಂಪನಿಯ ಜ್ಯೂಕ್‌ಬಾಕ್ಸ್ ಆದ ವುರ್ಲಿಟ್ಜರ್ 1015ರಂಥ ಪೆಟ್ಟಿಗೆಯಲ್ಲಿ ಗುಳ್ಳೆ ಏಳುವ ಗಾಜಿನ ಕೊಳವೆ ಇರುತ್ತದೆ, ಅದರೊಳಗಿನ ದ್ರವವೂ ಒಳ್ಳೆಯದಲ್ಲ, ಒಡೆದರೆ ಕಿಟಕಿ ತೆರೆದು ಹೊರಗೆ ಬನ್ನಿ.

ಮೊದಲ ಸದಸ್ಯರು: ತೊಳೆದೆ ಸರ್, ಈಗ ಸರಿಯಾಗಿ ನಿಲ್ಲುತ್ತೆ. ಕೊನೇ ಪ್ರಶ್ನೆ, ಯಾವ ರೆಕಾರ್ಡ್ ಹಾಕಲಿ? ಕ್ರೋಮ್ ಮೇಲೆ ಚುಕ್ಕಿ ಚುಕ್ಕಿ ಗುಳಿ ಬಿದ್ದಿದೆ, ಅದಕ್ಕೇನು ಮಾಡಲಿ?

ಉತ್ತರ: ಮೊದಲು ಸೂಜಿ ಬದಲಿಸಿ. ಭೂತಗನ್ನಡಿಯಲ್ಲಿ ನೋಡಿದರೆ ಹಳೇ ಸೂಜಿಯ ತುದಿ ಉಳಿಯಂತೆ ಚಪ್ಪಟೆ ಆಗಿರುವುದು ಕಾಣಿಸುತ್ತದೆ, ಅದು ರೆಕಾರ್ಡನ್ನು ಕೆತ್ತುತ್ತದೆ. ತೋಳಿನ ಭಾರವನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆದು, ಕೈಪಿಡಿಯಲ್ಲಿರುವಷ್ಟಕ್ಕೆ ತನ್ನಿ. ಇನ್ನೊಂದು ಮುಖ್ಯ ವಿಷಯ. ನಿಮ್ಮದು ಮೋನೊ, ಅಂದರೆ ಒಂದೇ ಚಾನಲ್ ಸದ್ದಿನ ಕಾಲದ್ದು. ಸ್ಟೀರಿಯೋ ರೆಕಾರ್ಡ್ ಅಂಗಡಿಗೆ ಬಂದಿದ್ದು 1958ರಲ್ಲಿ. ಮೂಲ ಮೋನೊ ಪಿಕಪ್‌ನಲ್ಲಿ (ತೋಳಿನಲ್ಲಿ ಸೂಜಿ ಹಿಡಿದಿರುವ ಭಾಗ) ಸೂಜಿ ಮೇಲೆ ಕೆಳಗೆ ಬಾಗುವುದಿಲ್ಲ, ಸ್ಟೀರಿಯೋ ರೆಕಾರ್ಡ್‌ನ ಗೆರೆಗಳನ್ನು ತಿಂದುಬಿಡುತ್ತದೆ. ಹಾಗಾಗಿ ದೊಡ್ಡ ತೂತಿನ, 7 ಇಂಚಿನ ಮೋನೊ ರೆಕಾರ್ಡ್‌ಗಳನ್ನೇ ಹಾಕಿ, ಅದರಲ್ಲೂ ಶುರುವಿನಲ್ಲಿ ಗೀರು ಬಿದ್ದ, ಹೋದರೂ ಬೇಜಾರಾಗದಂಥವು. ಎಲ್ಲಾ 50 ಜಾಗವೂ ಒಂದೊಂದಾಗಿ ಎತ್ತಿ ಇಡುತ್ತಿದೆ ಅಂತ ಗೊತ್ತಾದ ಮೇಲೆ ಒಳ್ಳೇ ರೆಕಾರ್ಡ್ ತುಂಬಿ.

ಕ್ರೋಮ್‌ನ ಗುಳಿ ಪಾಲಿಶ್‌ನಿಂದ ಹೋಗಲ್ಲ. ಕೆಳಗೆ ಸತುವಿನ ಮಿಶ್ರಲೋಹದ ಎರಕ ಇದೆ, ತುಕ್ಕು ಒಳಗಿಂದ ಬಂದಿದೆ. ಹಳೇ ಲೇಪ ತೆಗೆದು, ಗುಳಿಗೆ ತಾಮ್ರ ತುಂಬಿಸಿ, ನಯ ಮಾಡಿ ಮತ್ತೆ ಕ್ರೋಮ್ ಹಾಕಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಈ ಲೋಹದ ಅನುಭವ ಇರುವವರಿಗೇ ಕೊಡಿ. ಸದ್ಯಕ್ಕೆ ಸೋಪಿನ ನೀರಲ್ಲಿ ಒರೆಸಿ ಮೇಣದ ಪಾಲಿಶ್ ಹಚ್ಚಿಡಿ. ಹಾಂ, ಪೆಟ್ಟಿಗೆಯನ್ನು ಜಾಗ ಬದಲಿಸುವ ಮುಂಚೆ ಯಂತ್ರವನ್ನು ಬಿಗಿಯುವ ಬೋಲ್ಟ್ ಹಾಕಿ. ಅದು ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಇಬ್ಬರು ಮೂವರು ಎತ್ತಿ ಓರೆ ಮಾಡಿದಾಗ ಜಾರಿ ಬಡಿದರೆ ಹಳಿ ಬಾಗುತ್ತದೆ. ಹೊಸ ಜಾಗದಲ್ಲಿ ಇಟ್ಟ ಮೇಲೆ ಬೋಲ್ಟ್ ಸಡಿಲಿಸಿ, ಮಟ್ಟಗೋಲಿಟ್ಟು ನೋಡಿ, ಆಮೇಲೆ ಪ್ಲಗ್ ಹಾಕಿ.