ಕಟ್ಟಡದ ಕೆಲಸಕ್ಕೆ ಕಂಪ್ಯೂಟರ್: ಯಾವುದರಿಂದ ಶುರು ಮಾಡಬೇಕು?

ಪ್ರಶ್ನೆ, ಕೊಪ್ಪಳದಿಂದ: ಮೂರು ಕಡೆ ಕಟ್ಟಡದ ಕೆಲಸ ನಡೆಯುತ್ತಿದೆ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಬಿಲ್ಲಿನ ಲೆಕ್ಕ ಕಂಪ್ಯೂಟರಿನಲ್ಲಿದೆ. ಸಾಮಾನು, ಹಾಜರಿ, ಅಳತೆ ಇನ್ನೂ ನೋಟ್‌ಬುಕ್ಕಿನಲ್ಲೇ. ಎಲ್ಲವನ್ನೂ ನೋಡಿಕೊಳ್ಳುವ ದೊಡ್ಡ ಸಾಫ್ಟ್‌ವೇರ್ ಕೊಳ್ಳೋಣ ಎನ್ನುತ್ತಾನೆ ಮಗ. ಬಳಸಿ ನೋಡಿದವರು ತಿಳಿಸಿ.

ಬಳ್ಳಾರಿಯಿಂದ: ದಯವಿಟ್ಟು ಸ್ವಲ್ಪ ತಾಳಿ. ನಾವು ಕೊಂಡು ಕೈಸುಟ್ಟುಕೊಂಡಿದ್ದೇವೆ. ಪರದೆ ತುಂಬ ಇಂಗ್ಲಿಷ್. ಇಪ್ಪತ್ತು ವರ್ಷ ಅನುಭವವಿರುವ ನಮ್ಮ ಮೇಲ್ವಿಚಾರಕರು ಅದನ್ನು ಮುಟ್ಟಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಕಚೇರಿಯ ಹುಡುಗ ಶನಿವಾರ ಟೈಪು ಮಾಡುತ್ತಿದ್ದ. ವಾರ ಕಳೆದು ಬರುವ ಲೆಕ್ಕದಿಂದ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲಾಗಲಿಲ್ಲ.

ಆಮೇಲೆ ಕಬ್ಬಿಣ ಒಂದನ್ನೇ ಹಿಡಿದೆವು. ಲಾರಿ ಬಂದ ತಕ್ಷಣ ತೂಕದ ಚೀಟಿಯ ಫೋಟೊ, ಸರಳುಗಳ ಎಣಿಕೆ, ಎರಡೂ ಮೊಬೈಲಿನಿಂದಲೇ ಕನ್ನಡ ತಲೆಬರಹದ ಗೂಗಲ್ ಶೀಟ್‌ಗೆ. ಮಿ.ಮೀ. ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂಬುದು ಸಿಗುತ್ತದೆ. 12 ಮಿ.ಮೀ. ಸರಳು 12 ಮೀಟರ್ ಉದ್ದವಿದ್ದರೆ ಸುಮಾರು 10.7 ಕೆಜಿ. ಶೀಟ್ ಅದನ್ನು ತಾನೇ ಲೆಕ್ಕ ಹಾಕಿ ಚೀಟಿಯ ತೂಕದ ಪಕ್ಕದಲ್ಲಿ ತೋರಿಸುತ್ತದೆ. ಈ ಗಾತ್ರಕ್ಕೆ ಕಾಂಕ್ರೀಟಿನ ಸರಳುಗಳ ಭಾರತೀಯ ಮಾನದಂಡವಾದ ಐಎಸ್ 1786 ತೂಕದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅದನ್ನು ಮೀರಿದರೆ ಲಾರಿ ಹೊರಡುವ ಮೊದಲೇ ಅಂಗಡಿಗೆ ಫೋನು ಮಾಡುತ್ತೇವೆ.

ತುಂಡುಗಳನ್ನೂ ಬರೆಯಿಸಿ. ಒಂದು ಕಡೆ ತಾಡಪತ್ರಿಯ ಕೆಳಗೆ ಒಂದೂವರೆ ಮೀಟರಿನ 8 ಮಿ.ಮೀ. ತುಂಡುಗಳ ರಾಶಿ ತುಕ್ಕು ಹಿಡಿಯುತ್ತಿತ್ತು, ಇನ್ನೊಂದು ಕಡೆ ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿಗೆಂದು ಹೊಸ ಸರಳು ಕತ್ತರಿಸುತ್ತಿದ್ದೆವು. ಅದು ಶೀಟ್‌ನಲ್ಲಿ ಕಣ್ಣಿಗೆ ಬಿದ್ದ ದಿನ ಮೇಲ್ವಿಚಾರಕರೇ 'ಸಿಮೆಂಟನ್ನೂ ಇದರಲ್ಲೇ ಬರೆಯೋಣ' ಎಂದರು.

ರಾಯಚೂರಿನಿಂದ: ಹಾಜರಿಯ ವಿಷಯದಲ್ಲಿ ಹುಷಾರು. ಏಪ್ರಿಲ್ ಬಿಸಿಲಿಗೆ ಸ್ಲ್ಯಾಬಿನ ಮೇಲೆ ಮೊಬೈಲ್ ಕಾದು ನಿಂತುಹೋಗುತ್ತದೆ, ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್‌ನಿಂದಾಗಿ ದೇವದುರ್ಗದ ಕಡೆಯಿಂದ ದುಡಿಯಲು ಬಂದಿದ್ದ ಹೆಣ್ಣುಮಗಳೊಬ್ಬಳ ಎರಡು ದಿನದ ಕೂಲಿ ತಪ್ಪಿತ್ತು. ಅವಳು ಬಾಯಿಬಿಟ್ಟು ಕೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಪುಸ್ತಕದಲ್ಲೇ ಹಾಜರಿ ಬರೆದು ಸಂಜೆ ಪುಟದ ಫೋಟೊ ಕಚೇರಿಗೆ ಕಳಿಸುತ್ತೇವೆ, ಬಟವಾಡೆಗೆ ಮುಂಚೆ ಎಲ್ಲರೆದುರು ಓದಿ ಹೇಳುತ್ತೇವೆ.

ಗಂಗಾವತಿಯಿಂದ: ನಕ್ಷೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹಳೆಯ ನಕ್ಷೆ ನೋಡಿ ಕಂಬದ ಕಬ್ಬಿಣ ಕಟ್ಟಿ, ಮತ್ತೆ ಬಿಚ್ಚಿದ್ದೇವೆ. ಕಟ್ಟಡಕ್ಕೊಂದು ಫೋಲ್ಡರ್, ಅದರಲ್ಲಿ ಈಗಿನ ನಕ್ಷೆ ಮಾತ್ರ, ಹೆಸರಿನಲ್ಲೇ ತಾರೀಖು ಇರಲಿ. ಹೊಸದು ಬಂದ ದಿನವೇ ಸೈಟಿನ ಶೆಡ್ಡಿಗೆ ಅಂಟಿಸಿದ ಹಳೆಯ ಪ್ರಿಂಟನ್ನು ಕಿತ್ತು ತರುವ ಕೆಲಸ ಒಬ್ಬರಿಗೆ ವಹಿಸಿ.