ಚೀಲದೊಳಗೆ ತಾನಾಗಿಯೇ ಎಚ್ಚರಗೊಳ್ಳುವ ಲ್ಯಾಪ್‌ಟಾಪ್: ಮೌಸಿನ ರಿಸೀವರ್ ಕಾರಣವೇ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ದಿನವೂ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತೇನೆ. ಉಬುಂಟು (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಬಗೆ) ಹಾಕಿರುವ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಸಸ್ಪೆಂಡ್ ಆದದ್ದನ್ನು, ಅಂದರೆ ಯಂತ್ರ ಮಲಗಿದ್ದನ್ನು, ಸೂಚಿಸುವ ದೀಪ ಮಿಣುಕುವುದನ್ನು ಕಂಡ ಮೇಲೆಯೇ ಚೀಲಕ್ಕೆ ಹಾಕಿದರೂ, ಜ್ಯುಬಿಲಿ ಸರ್ಕಲ್ ತಲುಪುವಷ್ಟರಲ್ಲಿ ಅದು ಎಚ್ಚರಗೊಂಡಿರುತ್ತದೆ. ನಿನ್ನೆ ಚೀಲದ ಜಿಪ್ ತೆಗೆದಾಗ ಫ್ಯಾನು ಜೋರಾಗಿ ತಿರುಗುತ್ತಿತ್ತು. ತಳಭಾಗ ಕೈಯಿಡಲಾಗದಷ್ಟು ಕಾದಿತ್ತು. ಪಕ್ಕದಲ್ಲಿದ್ದ ವೈರ್‌ಲೆಸ್ ಮೌಸಿನ ಕೆಂಪು ದೀಪ ಉರಿಯುತ್ತಿತ್ತು. ಬ್ಯಾಟರಿ ಶೇ. 92ರಿಂದ 74ಕ್ಕೆ ಇಳಿದಿತ್ತು.

ಮೌಸಿನ ಯುಎಸ್‌ಬಿ ರಿಸೀವರನ್ನು ಕಿತ್ತಿಟ್ಟ ದಿನ ಈ ತೊಂದರೆಯಿಲ್ಲ. ಆದರೆ ಉಗುರಿನಷ್ಟು ಚಿಕ್ಕದಾದ ಅದನ್ನು ದಿನಕ್ಕೆರಡು ಸಲ ಕೀಳುತ್ತಿದ್ದರೆ ಕಳೆದುಹೋಗುವುದು ಖಂಡಿತ. ಅದು ಅಲ್ಲೇ ಇದ್ದು, ಲ್ಯಾಪ್‌ಟಾಪ್ ಏಳದಂತೆ ಮಾಡಲು ದಾರಿಯಿದೆಯೇ?

ಉತ್ತರ (ಹಾವೇರಿ)

ಮೊದಲು ಜರ್ನಲ್‌ಸಿಟಿಎಲ್ (ದಾಖಲೆ ತೋರಿಸುವ ಆದೇಶ) ಮೂಲಕ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬರೆದಿಟ್ಟ ದಾಖಲೆ ನೋಡಿರಿ. ‘ಸಸ್ಪೆಂಡ್ ಎಂಟ್ರಿ’, ‘ಸಸ್ಪೆಂಡ್ ಎಕ್ಸಿಟ್’ ಎಂಬ ಸಾಲುಗಳ ನಡುವೆ ದೋಷದ ಸಾಲಿಲ್ಲದಿದ್ದರೆ ಯಂತ್ರ ಸರಿಯಾಗಿಯೇ ಮಲಗಿದೆ, ಆಮೇಲೆ ಯಾರೋ ಎಬ್ಬಿಸಿದ್ದಾರೆ. ಯಾವುದೋ ಡ್ರೈವರ್ (ಯಂತ್ರದ ಒಂದು ಭಾಗವನ್ನು ನಡೆಸುವ ತಂತ್ರಾಂಶ) ಮಲಗಲು ಒಪ್ಪದಿರುವುದು ಬೇರೆಯೇ ರೋಗ.

ಪ್ರಶ್ನೆ ಕೇಳಿದವರು

ದೋಷದ ಸಾಲು ಒಂದೂ ಇಲ್ಲ. ನಿನ್ನೆಯ ಒಂದೇ ಪ್ರಯಾಣದಲ್ಲಿ ಎಂಟ್ರಿ, ಎಕ್ಸಿಟ್ ಜೋಡಿ ಆರು ಸಲ ಬಂದಿದೆ.

ಉತ್ತರ (ಗದಗ)

ಹಾಗಾದರೆ ಎಬ್ಬಿಸುತ್ತಿರುವುದು ರಿಸೀವರೇ ಸರ್. ಲಿನಕ್ಸ್ ಸಾಮಾನ್ಯವಾಗಿ ಕೀಬೋರ್ಡಿಗೆ ಯಂತ್ರವನ್ನು ಎಬ್ಬಿಸುವ ಅಧಿಕಾರ ಕೊಡುತ್ತದೆ. ಇಂಥ ಎಷ್ಟೋ ರಿಸೀವರುಗಳು ಜೊತೆಗೆ ಮೌಸ್ ಒಂದೇ ಇದ್ದರೂ ತಮ್ಮನ್ನು ಕೀಬೋರ್ಡ್ ಎಂದೂ ಪರಿಚಯಿಸಿಕೊಳ್ಳುವುದರಿಂದ ಆ ಅಧಿಕಾರ ಅವುಗಳಿಗೂ ಸಿಕ್ಕಿಬಿಡುತ್ತದೆ. ಬಸ್ಸು ಕುಲುಕಿದಾಗ ಚೀಲದಲ್ಲಿ ಮೌಸ್ ಅಲ್ಲಾಡಿದರೆ ಸಾಕು.

ಯಂತ್ರವನ್ನು ಎಬ್ಬಿಸಬಲ್ಲವುಗಳ ಪಟ್ಟಿಯಿರುವ /ಪ್ರಾಕ್/ಎಸಿಪಿಐ/ವೇಕಪ್ ಕಡತದಲ್ಲಿ ಎಕ್ಸ್‌ಎಚ್‌ಸಿಯನ್ನು (ಯುಎಸ್‌ಬಿ ನಿಯಂತ್ರಕದ ಹೆಸರು) ನಿಲ್ಲಿಸಿರಿ ಎಂದು ಹಲವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಅದು ಇಡೀ ಯುಎಸ್‌ಬಿ ನಿಯಂತ್ರಕಕ್ಕೇ ಅನ್ವಯಿಸುತ್ತದೆ. ಅದೇ ಹೆಸರನ್ನು ಇನ್ನೊಮ್ಮೆ ಬರೆದರೆ ಮತ್ತೆ ಚಾಲೂ ಆಗುತ್ತದೆ. ರೀಬೂಟ್ ಆದರೆ ಮೊದಲಿನಂತೆಯೇ.

ಬದಲಾಗಿ, /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್ ಒಳಗೆ ನಿಮ್ಮ ರಿಸೀವರಿನ ಫೋಲ್ಡರ್ ಹುಡುಕಿ, ಅದರ ಪವರ್/ವೇಕಪ್ ಕಡತಕ್ಕೆ ‘ಡಿಸೇಬಲ್ಡ್’ ಎಂದು ಬರೆದು ಪರೀಕ್ಷಿಸಿರಿ. ಸುಡೋ (ನಿರ್ವಾಹಕರ ಅಧಿಕಾರ ಕೊಡುವ ಆದೇಶ) ಜೊತೆ ಎಕೋ (ಪಠ್ಯ ಹೊರಡಿಸುವ ಆದೇಶ) ಬಳಸಿ, ಕಡತಕ್ಕೆ ಬರೆಯಲು ಬಾಣದ ಚಿಹ್ನೆ (>) ಹಾಕಿದರೆ ಅನುಮತಿಯಿಲ್ಲ ಎನ್ನುತ್ತದೆ, ಏಕೆಂದರೆ ಕಡತ ತೆರೆಯುವುದು ನಿಮ್ಮ ಆದೇಶಗಳನ್ನು ಓದುವ ಶೆಲ್, ಸುಡೋ ಅಲ್ಲ; ಆದ್ದರಿಂದ ತಾನೇ ಕಡತಕ್ಕೆ ಬರೆಯುವ ಟೀ ಆದೇಶವನ್ನು ಸುಡೋ ಜೊತೆ ಬಳಸಿರಿ. ಫಲ ಕಂಡರೆ, ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ಆದೇಶ) ತೋರಿಸುವ ತಯಾರಕರ ಹಾಗೂ ಉತ್ಪನ್ನದ ನಾಲ್ಕು ನಾಲ್ಕು ಅಕ್ಷರಗಳ ಸಂಕೇತಗಳನ್ನು ಹಾಕಿ ಯುಡೆವ್ ನಿಯಮ (ಸಾಧನ ಸಿಕ್ಕಾಗಲೆಲ್ಲ ತಾನಾಗಿಯೇ ಜಾರಿಯಾಗುವ ನಿಯಮ) ಬರೆಯಿರಿ. ಆಗ ರಿಸೀವರನ್ನು ಬೇರೆ ಪೋರ್ಟಿಗೆ ಚುಚ್ಚಿದರೂ ನಿಯಮ ಅದನ್ನು ಗುರುತಿಸುತ್ತದೆ.

ಪ್ರಶ್ನೆ ಕೇಳಿದವರು

ಮೊದಲ ಸಲ ವೆಬ್‌ಕ್ಯಾಮಿನ ಸಂಕೇತ ಬರೆದುಬಿಟ್ಟಿದ್ದೆ. ತಿದ್ದಿದ ಮೇಲೆ ಸರಿಹೋಯಿತು. ಇಂದು ಧಾರವಾಡದಲ್ಲಿ ಇಳಿದು ಮುಟ್ಟಿ ನೋಡಿದರೆ ಲ್ಯಾಪ್‌ಟಾಪ್ ತಣ್ಣಗಿತ್ತು, ದಾಖಲೆಯಲ್ಲಿ ಒಂದೇ ಎಂಟ್ರಿ, ಒಂದೇ ಎಕ್ಸಿಟ್. ಈಗ ಮೌಸ್ ಅಲ್ಲಾಡಿಸಿದರೆ ಏಳುವುದಿಲ್ಲ, ಮುಚ್ಚಳವನ್ನೇ ತೆರೆಯಬೇಕು. ನನಗೆ ಬೇಕಾಗಿದ್ದುದೂ ಅದೇ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.